ಕಾಣೆಯಾಗದ ಸರ

ಕಿರಂಗೂರಿನ ದೊಡ್ಡತಾಯಮ್ಮ ಸುಳ್ಳು ಹೇಳಿ ಅಭ್ಯಾಸವಿದ್ದ ಹೆಂಗಸಲ್ಲ. ಡೈರಿಗೆ ಹಾಕುವ ಹಾಲಿಗೆ ಒಂದು ತೊಟ್ಟು ನೀರು ಸೋಕಿಸಿದವಳಲ್ಲ. ನೆರೆಮನೆಯವರು ಉಪ್ಪು ಕೇಳಲು ಬಂದರೆ, ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ ಎನ್ನುವವಳು. ಅಂಥವಳ ಬಾಯಿಂದ ಒಂದು ಭಾನುವಾರ ಬೆಳಿಗ್ಗೆ, ಕೀರೆಸೊಪ್ಪು ಬಿಡಿಸುತ್ತಾ ಕುಳಿತಿದ್ದಾಗ, ಒಂದು ಸುಳ್ಳು ಜಾರಿ ಬಿತ್ತು.

ಮಗ ಲೋಕೇಶ ಒಳಕೋಣೆಯಿಂದ ಕೂಗಿದ್ದ. ಯಾರದೋ ಮದುವೆಗೆ ಮನೆಮಂದಿಯೆಲ್ಲ ಹೊರಡುವ ಗಡಿಬಿಡಿ.

"ಅವ್ವಾ, ನಿನ್ ಅವಲಕ್ಕಿ ಸರ ಎಲ್ ಮಡಗಿದ್ದೀಯೆ? ಸಹನ ಆಕ್ಕೊಳ್ಲಿ ಕೊಡು."

"ಬೀರೂಲೇ ಇರ್ಬೇಕು, ನೋಡ್ಲಾ."

"ನೋಡ್ದೆ. ಇಲ್ಲ."

"ಅಂಗಾರೆ ಎಲ್ಲೋಯ್ತೋ ಕಾಣೆ ಕಣಪ್ಪ."

ಆ ಚಿನ್ನದ ಸರ ಎಲ್ಲಿಗೆ ಹೋಗಿತ್ತೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಯುಗಾದಿ ಮುಗಿಸಿ ಕೆ.ಆರ್. ಪೇಟೆಗೆ ಹೊರಟ ಮಗಳು ಶಶಿಕಲಳ ಬ್ಯಾಗಿನೊಳಗೆ, ಒಬ್ಬಟ್ಟಿನ ಡಬ್ಬಿಯ ಕೆಳಗೆ, ಅದನ್ನು ಅವಳೇ ಕೈಯಾರೆ ಇಟ್ಟು ಕಳಿಸಿದ್ದಳು. ಶಶಿ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದವಳು. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಮಳಿಗೆ ಖಾಲಿಯಾಗಿದೆ, ಕೈಯಲ್ಲಿ ದುಡ್ಡಿಲ್ಲ ಎಂದು ಮಾತಿಗೆ ಹೇಳಿದ್ದಳೇ ಹೊರತು ಕೇಳಿರಲಿಲ್ಲ. ಮದುವೆಯಾದ ವರ್ಷವೇ, ತವರಿನ ಜಮೀನಿನಲ್ಲಿ ತನಗೇನೂ ಬೇಡವೆಂದು ಅಣ್ಣನಿಗೆ ಸೈನು ಹಾಕಿಕೊಟ್ಟು ನಗುನಗುತ್ತಾ ಉಂಡು ಹೋದ ಹುಡುಗಿ. ಆವತ್ತಿನಿಂದ ದೊಡ್ಡತಾಯಮ್ಮನ ಎದೆಯಲ್ಲಿ ಒಂದು ಮುಳ್ಳು ಆಡುತ್ತಲೇ ಇತ್ತು. ಸರ ಕೊಟ್ಟ ದಿನ ಅದು ಕಿತ್ತು ಬಂದಂತಾಗಿತ್ತು. ಮಗನಿಗೆ ನಿಧಾನವಾಗಿ ಹೇಳಿದರಾಯಿತು ಅಂದುಕೊಂಡಿದ್ದಳು. ನಿಧಾನ ಮಾಡಿದ್ದೇ ತಪ್ಪಾಯಿತು.

ಮದುವೆಯ ಊಟ ಯಾರಿಗೂ ರುಚಿಸಲಿಲ್ಲ. ಮನೆಗೆ ಬಂದವನೇ ಲೋಕೇಶ ಬೀರು ಬರಿದು ಮಾಡಿದ, ಅಕ್ಕಿಡಬ್ಬ ಸುರಿದ, ಹಾಸಿಗೆ ಕೊಡವಿದ. ದೊಡ್ಡತಾಯಮ್ಮನ ಗಂಡ ಚಿಕ್ಕಸ್ವಾಮಿ ಹಸುಗಳ ಕೊಟ್ಟಿಗೆಯಲ್ಲೂ ಹುಡುಕಿ, ಮೈಗೆಲ್ಲ ಹುಲ್ಲು ಮೆತ್ತಿಕೊಂಡು ಬಂದ. ಮೊಮ್ಮಗಳು ಚಿನ್ನುವಿಗೆ ಮಾತ್ರ ಇದೊಂದು ಆಟ.

"ಎಲ್ಲೋ ಇದ್ದಾತು ಬುಡ್ಲಾ," ಅಂದಳು ದೊಡ್ಡತಾಯಮ್ಮ. "ಸಿಕ್ತದೆ."

"ಎಂಗೆ ಸಿಕ್ತದೆ? ಕಾಲ್ ಬಂದು ಓಯ್ತಾ ಅದುಕ್ಕೆ?" ಲೋಕೇಶ ಅಡುಗೆಮನೆಯ ಕಡೆ ತಿರುಗಿದ. "ಒಳಕೋಣೆಗೆ ಒರಗ್ನೋರು ಅಂತ ಬಂದಿದ್ದು ಒಬ್ನೇ. ವೈರಿಂಗ್ ಮಾಡ್ತೀನಿ ಅಂತ ಎಲ್ಡು ದಿನ ಬಾಗ್ಲಾಕ್ಕೊಂಡಿದ್ದ."

ಅಲ್ಲಿ ಅವನ ಹೆಂಡತಿ ಸಹನ ಮುದ್ದೆ ತಿರುಗಿಸುತ್ತಿದ್ದಳು. ಕೋಲು ನಿಂತಿತು. ಆ ವೈರಿಂಗ್ ಮಾಡಿದವನು ಅವಳ ತಮ್ಮ ದಿಲೀಪ. ಪಾಂಡವಪುರದಲ್ಲಿ ಒಬ್ಬ ಕಂಟ್ರಾಕ್ಟರನ ಹತ್ತಿರ ಕರೆಂಟಿನ ಕೆಲಸ ಕಲಿತು ಈಗ ಕೈಗೆ ನಾಲ್ಕು ಕಾಸು ಕಾಣುತ್ತಿದ್ದ. ಅಕ್ಕನ ಮನೆಯ ಕೆಲಸಕ್ಕೆ ಕೂಲಿಯನ್ನೂ ಮುಟ್ಟಿರಲಿಲ್ಲ.

"ಇನ್ನೊಂದ್ಸಲ ಅನ್ನಿ, ಕೇಳನ," ಅಂದಳು ಸಹನ.

"ಕಳ್ಳ ಅಂತ ಅಂದಿಲ್ಲ ನಾನು. ಬಂದಿದ್ದ ಅಂದೆ."

"ಬಾಗ್ಲಾಕ್ಕೊಂಡಿದ್ದು ಗ್ವಾಡೆ ಕೊರೆಯೋ ಧೂಳು ಅಜ್ಜಿಗೆ ಕೆಮ್ಮು ಬರಿಸ್ತದೆ ಅಂತ ನಮ್ ಚಿನ್ನು ಯೋಳಿದ್ಕೆ. ಕೇಳಿ ನಿಮ್ ಮಗಳ್ನೇ."

ದೊಡ್ಡತಾಯಮ್ಮ ಸೊಪ್ಪಿನ ದಂಟನ್ನು ಮುರಿದು ಮುರಿದು ಪುಡಿ ಮಾಡಿದಳು. ಮಾತು ಗಂಟಲ ತನಕ ಬಂತು. ಅಷ್ಟರಲ್ಲಿ ಮಗನ ಮುಖ ಕಂಡಿತು. ಮಾತು ಮತ್ತೆ ಕೆಳಗಿಳಿಯಿತು.

ಮಾರನೆಯ ದಿನ ಹಾಲು ಹಾಕಿ ಬರುವಾಗ ದಾರಿಯಲ್ಲಿ ನಿಂತು ಮಗಳಿಗೆ ಫೋನು ಮಾಡಿದಳು. "ಶಶೀ, ಆ ಸರನ ಒಂದ್ಸಲ ತಂದು ಕೊಟ್ಬುಡವ್ವ. ಇಲ್ಲಿ ಸಿಕ್ತು ಅಂತ ಮಾಡಿ, ಆಮ್ಯಾಕೆ ಎಲ್ಲಾರ್ಗೂ ಯೋಳಿ ಮತ್ತೆ ನಿಂಗೇ ಕೊಡ್ತೀನಿ."

"ಅಯ್ಯೋ ಅವ್ವ, ಮಾರ್ಬುಟ್ನಲ್ಲ! ಮಿಷಿನ್ನು ಬಂದದೆ, ಮಳಿಗೆಗೂ ಮುಂಗಡ ಕೊಟ್ಟಾಯ್ತು. ಅಣ್ಣಂಗೆ ಯೋಳಿಲ್ವಾ ಇನ್ನೂವೆ? ಇರು, ನಾನೇ ಮಾಡ್ತೀನಿ ಫೋನ."

"ಬ್ಯಾಡ ಬ್ಯಾಡ. ನಾನೇ ಯೋಳ್ತೀನಿ."

ಆದರೆ ಹೇಳಲು ಒಂದು ಗಳಿಗೆ ಕೂಡಿಬರಲಿಲ್ಲ. ಒಂದು ದಿನ ಕರು ಹಾಕುವ ಹಸುವಿನ ಹತ್ತಿರ ಲೋಕೇಶ ಕುಳಿತಿದ್ದ. ಒಂದು ದಿನ ಊಟಕ್ಕೆ ನೆಂಟರಿದ್ದರು. ಮತ್ತೊಂದು ದಿನ ಗಂಡಹೆಂಡಿರ ನಡುವೆ ಮಾತೇ ಇರಲಿಲ್ಲ. ಆ ಮೌನದೊಳಗೆ ಕಾಲಿಡಲು ಧೈರ್ಯ ಬರಲಿಲ್ಲ. ಹೀಗೆ ಒಂದು ವಾರ ಕಳೆಯಿತು. ಆಮೇಲೊಂದು ಸಂಜೆ ಲೋಕೇಶ ಬೈಕು ನಿಲ್ಲಿಸಿ, ಕಾಲು ತೊಳೆಯುತ್ತಲೇ ಹೇಳಿದ: "ಠಾಣೇಲಿ ಕಂಪ್ಲೇಂಟ್ ಕೊಟ್ಬುಟ್ಟು ಬಂದೆ."

"ಯಾರ್ ಮೇಲೆ?" ಸಹನ ಬಾಗಿಲಿಗೆ ಬಂದಳು.

"ಸರ ಕಾಣ್ತಿಲ್ಲ ಅಂತ. ಯಾರ್ ಮೇಲಾದ್ರೂ ಅನುಮಾನವಾ ಅಂತ ಕೇಳುದ್ರು."

"ಏನಂದ್ರಿ?"

ಲೋಕೇಶ ಚೊಂಬಿನಲ್ಲಿ ಉಳಿದ ನೀರನ್ನು ಕಾಲಿಗೆ ಸುರಿದುಕೊಂಡ. ಸಹನ ಒಳಗೆ ಹೋದಳು. ಆವತ್ತಿನಿಂದ ಗಂಡನ ತಟ್ಟೆಗೆ ಬಡಿಸಿ, ಅದನ್ನು ನಡುಮನೆಯಲ್ಲಿಟ್ಟು, ಹಿತ್ತಲಿಗೆ ಹೋಗಿಬಿಡುವಳು. ಚಿನ್ನು ಉಪ್ಪಿನಕಾಯಿ ಬೇಕಾ, ಮಜ್ಜಿಗೆ ಬೇಕಾ ಎಂದು ಅಪ್ಪನನ್ನು ಕೇಳಿ ಬಂದು ಅಮ್ಮನಿಗೆ ಹೇಳುವಳು.

"ಏನಿದು, ಮೂಗಬಸವನ ಮನೆ ಆಗೋಯ್ತಲ್ಲ," ಎಂದು ಚಿಕ್ಕಸ್ವಾಮಿ ಹೆಂಡತಿಯ ಹತ್ತಿರ ಗೊಣಗಿದ. "ಒಂದ್ ಸರುಕ್ಕೋಸ್ಕರ ಸಂಸಾರನೇ ಕೆಡಿಸ್ಕೊಂತಾವ್ರೆ. ನೀನಾದ್ರೂ ಒಂದ್ ಮಾತು ಯೋಳಮ್ಮಿ."

"ಯೋಳ್ತೀನಿ ಯೋಳ್ತೀನಿ," ಅಂದಳು ದೊಡ್ಡತಾಯಮ್ಮ, ಅವನ ಮುಖ ನೋಡದೆ.

ಬುಧವಾರ ಬೆಳಿಗ್ಗೆ ಮುದ್ದೆಗೆ ಎಸರಿಟ್ಟ ಹೊತ್ತಿಗೆ ಸಹನಳ ಫೋನು ಬಡಿದುಕೊಂಡಿತು. ಪಾಂಡವಪುರದಿಂದ ಅವಳ ತಾಯಿ ಪುಟ್ಟಗೌರಮ್ಮ. ಅಳುವಿನ ನಡುವೆ ಒಂದೊಂದೇ ಮಾತು. ದಿಲೀಪ ಕೆಲಸ ಮಾಡುತ್ತಿದ್ದ ಮನೆಗೇ ಬಂದು, ವಿಚಾರಣೆ ಇದೆ ಎಂದು ಪೊಲೀಸರು ಕರೆದೊಯ್ದಿದ್ದಾರೆ. ಶ್ರೀರಂಗಪಟ್ಟಣದ ಠಾಣೆಯಿಂದ ಯಾರೋ ಲಾಯರಮ್ಮ ಫೋನು ಮಾಡಿ, ನಿಮ್ಮ ಮಗ ಇಲ್ಲಿದ್ದಾನೆ, ಹೆದರಬೇಡಿ, ಮನೆಯವರು ಯಾರಾದರೂ ಬನ್ನಿ ಅಂದಿದ್ದಾರೆ.

ಸಹನ ಒಲೆ ಆರಿಸಿದಳು. ಚಪ್ಪಲಿ ಮೆಟ್ಟಿದಳು.

"ಠಾಣೆಗೆ ಎಣ್ಮಕ್ಕಳು ಓಗದಾ? ಲೋಕೇಶ ಗದ್ದೆಯಿಂದ ಬರ್ಲಿ ಇರು," ಅಂದ ಚಿಕ್ಕಸ್ವಾಮಿ.

"ಅವ್ರು ಓಗಿದ್ಕೇ ಅಲ್ವಾ ಮಾವ, ಇಂಗಾಗಿದ್ದು?"

ಅವಳು ಅಂಗಳ ದಾಟುವಷ್ಟರಲ್ಲಿ ಹಿಂದೆ ಹೆಜ್ಜೆ ಸದ್ದಾಯಿತು. ದೊಡ್ಡತಾಯಮ್ಮ ಸೆರಗು ಸಿಕ್ಕಿಸಿಕೊಳ್ಳುತ್ತಾ ಬರುತ್ತಿದ್ದಳು. "ನಾನೂ ಬತ್ತೀನಿ, ನಡಿ."

ಇಬ್ಬರೂ ಆಟೋ ಹತ್ತಿದರು. ಅತ್ತೆ ತನಗೆ ಜೊತೆಯಾಗಿ ಬರುತ್ತಿದ್ದಾಳೆ ಎಂದು ಸಹನ ತಿಳಿದಿದ್ದಳು. ಠಾಣೆಯ ಬಾಗಿಲಲ್ಲಿ ಇಳಿಯುವಾಗ ಮುದುಕಿಗೆ ಕೈ ಕೊಟ್ಟಳು. ಆ ಕೈ ಹಿಡಿಯಲು ದೊಡ್ಡತಾಯಮ್ಮನಿಗೆ ನಾಚಿಕೆಯಾಯಿತು.

ಠಾಣೆಯ ಜಗಲಿಯಲ್ಲಿ ಒಂದು ಮೇಜು, ಮೂರು ಪ್ಲಾಸ್ಟಿಕ್ ಕುರ್ಚಿ. ಹಿಂದಿನ ಗೋಡೆಯ ಮೇಲೆ 'ಉಚಿತ ಕಾನೂನು ನೆರವು' ಎಂಬ ಬೋರ್ಡು. ಮೇಜಿನ ಹಿಂದೆ ಕರಿ ಕೋಟಿನ ಚಿಕ್ಕ ವಯಸ್ಸಿನ ಹೆಂಗಸು. ಪಕ್ಕದ ಬೆಂಚಿನ ಮೇಲೆ ದಿಲೀಪ, ಅಂಗಿಯ ಮೇಲೆಲ್ಲ ಸಿಮೆಂಟಿನ ಧೂಳು. ಅಕ್ಕನನ್ನು ಕಂಡವನೇ ಎದ್ದು ನಿಂತ.

"ಒಡುದ್ರೇನೋ?" ಸಹನ ಅವನ ಕೆನ್ನೆ, ತೋಳು ಮುಟ್ಟಿ ನೋಡಿದಳು.

"ಇಲ್ಲ ಕಣಕ್ಕ. ಈ ಮೇಡಮ್ಮು ನಾನ್ ಬಂದಾಗ್ನಿಂದ ಪಕ್ದಲ್ಲೇ ಅವ್ರೆ. ಸಾಹೇಬ್ರು ಕೇಳ್ದಾಗ್ಲೂ ಜತೇಲೇ ಕುಂತಿದ್ರು."

"ನಾನು ಸಂಘಮಿತ್ರಾ. ವಕೀಲೆ," ಅಂದಳು ಆಕೆ. "ವಾರದಲ್ಲಿ ಕೆಲವು ದಿನ ನಾವು ಒಬ್ಬೊಬ್ಬರು ಬಂದು ಇಲ್ಲಿ ಕೂತಿರ್ತೀವಿ. ದೂರು ಕೊಡೋಕೆ ಬಂದೋರಿಗೂ, ದೂರಿನ ಮೇಲೆ ಕರೆಸಿಕೊಂಡೋರಿಗೂ ದಾರಿ ಹೇಳೋಕೆ. ಇವರನ್ನ ಅರೆಸ್ಟ್ ಮಾಡಿಲ್ಲ. ವಿಚಾರಣೆ ಅಷ್ಟೇ. ಸಾಹೇಬರು ಇನ್ನೊಂದು ಸಲ ಕೇಳಬೇಕಂತೆ."

"ಫೀಸು ಎಷ್ಟಾಯ್ತದೆ ಮೇಡಂ?"

"ಏನೂ ಇಲ್ಲ."

ಸಹನಳ ಹುಬ್ಬು ಗಂಟಾಯಿತು. "ಪುಕ್ಸಟ್ಟೆ ಲಾಯರು ಅಂದ್ರೆ... ಪೋಲೀಸ್ನೋರ ಕಡೇವ್ರಾ?"

ಸಂಘಮಿತ್ರಾ ನಕ್ಕಳು. "ಒಳಗಿರೋರು ನನ್ನನ್ನ ಕಳ್ಳರ ಕಡೇವಳು ಅಂತಾರೆ. ನೀವು ಪೊಲೀಸರ ಕಡೇವಳು ಅಂತೀರಿ. ಕೂತ್ಕೊಳ್ಳಿ. ಮೊದಲು ಇವರಿಗೆ ಏನಾದರೂ ತಿನ್ನೋಕೆ ತಂದುಕೊಡಿ. ಬೆಳಿಗ್ಗೆಯಿಂದ ಉಪವಾಸ."

ಸಹನ ಇಡ್ಲಿ ತರಲು ರಸ್ತೆಗೆ ಹೋದಳು. ದಿಲೀಪ ಬೆಂಚಿನ ತುದಿಗೆ ಸರಿದು ತಲೆ ಬಗ್ಗಿಸಿ ಕುಳಿತ. ದೊಡ್ಡತಾಯಮ್ಮ ಮೇಜಿನ ಹತ್ತಿರ ನಿಂತೇ ಇದ್ದಳು. ಕೊನೆಗೆ ತಗ್ಗಿದ ದನಿಯಲ್ಲಿ ಕೇಳಿದಳು: "ಅವ್ವ, ಸುಳ್ಳು ಯೋಳ್ದೋರ್ನ ಇಲ್ಲಿ ಏನ್ ಮಾಡ್ತಾರೆ?"

ಸಂಘಮಿತ್ರಾ ಮುದುಕಿಯ ಮುಖ ನೋಡಿದಳು. ಕುರ್ಚಿ ಎಳೆದು ಹತ್ತಿರ ಕೂರಿಸಿಕೊಂಡಳು. "ಅಜ್ಜಿ, ಒಂದು ಮಾತು ತಿಳ್ಕೊಂಡು ಆಮೇಲೆ ಹೇಳಿ. ನಾನು ಈಗ ಈ ಹುಡುಗನ ಪರವಾಗಿದ್ದೀನಿ. ನೀವು ಹೇಳೋದರಿಂದ ಅವನಿಗೆ ಒಳ್ಳೇದಾಗೋ ಹಾಗಿದ್ದರೆ, ಅದನ್ನ ಹೊಟ್ಟೆಯಲ್ಲಿ ಇಟ್ಟುಕೊಂಡು ಸುಮ್ಮನಿರೋಕೆ ನನ್ನಿಂದ ಆಗಲ್ಲ."

ಎದ್ದು ಹೋಗಲು ಅದೊಂದು ದಾರಿ. ದೊಡ್ಡತಾಯಮ್ಮ ಬೆಂಚಿನ ಕಡೆ ನೋಡಿದಳು. ದಿಲೀಪ ಅಂಗೈಯ ಸಿಮೆಂಟನ್ನು ಉಗುರಿನಿಂದ ಕೆರೆಯುತ್ತಿದ್ದ.

"ಸರ ಕಳ್ದಿಲ್ಲ ಕಣವ್ವ," ಅಂದಳು. "ನನ್ ಮಗಳ್ಗೆ ನಾನೇ ಕೊಟ್ಟಿವ್ನಿ."

ಶುರುವಾದ ಮೇಲೆ ಎಲ್ಲವೂ ಹೊರಗೆ ಬಂತು. ಮುಗಿದ ಮೇಲೆ ಸಂಘಮಿತ್ರಾ ಕೇಳಿದಳು: "ಸರ ನಿಮಗೆ ಎಲ್ಲಿಂದ ಬಂದಿದ್ದು?"

"ನಮ್ಮವ್ವ ಕೊಟ್ಟಿದ್ದು, ಮದ್ವೇಲಿ. ನಮ್ ತವರು ನಾಗಮಂಗಲದ ಕಡೆ, ದೇವಲಾಪುರ."

"ದೇವಲಾಪುರವಾ? ನಮ್ಮದೂ ಅದೇ. ನಮ್ಮ ತಾತನ ಹೆಸರು ದ್ಯಾವಯ್ಯ."

ದೊಡ್ಡತಾಯಮ್ಮನಿಗೆ ದ್ಯಾವಯ್ಯ ನೆನಪಿದ್ದ. ಅಪ್ಪನ ಹೊಲದಲ್ಲಿ ಹುರುಳಿ ಕೀಳಲು ಬರುತ್ತಿದ್ದವನು. ಮನೆಯ ಮುಂದೆ ಸೂರಿನಾಚೆ ನಿಂತು, ಬೊಗಸೆಯೊಡ್ಡಿ ಮಜ್ಜಿಗೆ ಕುಡಿಯುತ್ತಿದ್ದ. ಮೇಲಿಂದ ಸುರಿಯುತ್ತಿದ್ದವಳು ಎಷ್ಟೋ ಸಲ ಇವಳೇ. ಅವನ ಮೊಮ್ಮಗಳು ಈಗ ತನ್ನ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ ಇವಳ ಕಡೆ ಚಾಚಿದ್ದಳು. "ಕುಡೀರಿ, ಬಾಯಿ ಒಣಗಿದೆ."

ದೊಡ್ಡತಾಯಮ್ಮ ಎರಡೂ ಕೈಯಲ್ಲಿ ಇಸಿದುಕೊಂಡು ಕುಡಿದಳು.

"ನೋಡಿ ಅಜ್ಜಿ. ನಿಮ್ಮಮ್ಮ ನಿಮಗೆ ಕೊಟ್ಟ ಒಡವೆ ನಿಮ್ಮದು. ಗಂಡನದೂ ಅಲ್ಲ, ಮಗನದೂ ಅಲ್ಲ. ಅದನ್ನ ಯಾರಿಗೆ ಬೇಕಾದರೂ ಕೊಡಬಹುದು, ಯಾರನ್ನೂ ಕೇಳಬೇಕಾಗಿಲ್ಲ. ಮಗಳಿಗೆ ಕೊಟ್ಟಿದ್ದು ತಪ್ಪೇ ಅಲ್ಲ."

"ತಪ್ಪೇ ಅಲ್ವಾ?"

"ಅಲ್ಲ. ದೂರು ಕೊಟ್ಟವರು ನಿಮ್ಮ ಮಗ. ಅವರು ಕಳ್ಳತನ ಅಂತ ನಂಬಿಯೇ ಕೊಟ್ಟಿದ್ದಾರೆ. ಈಗ ನೀವು ಒಳಗೆ ಬಂದು ಇದ್ದದ್ದನ್ನ ಇದ್ದ ಹಾಗೆ ಹೇಳಿ. ನಿಮ್ಮನ್ನೇನೂ ಜೈಲಿಗೆ ಹಾಕಲ್ಲ. ಬೈಯಬಹುದು, ಬೈಸಿಕೊಳ್ಳಿ. ನಾನು ಪಕ್ಕದಲ್ಲಿ ಇರ್ತೀನಿ, ಆದರೆ ನಿಮ್ಮ ಬದಲು ನಾನು ಹೇಳಲ್ಲ."

ಅಷ್ಟರಲ್ಲಿ ಸಹನ ಇಡ್ಲಿ ಕಟ್ಟಿಸಿಕೊಂಡು ಮೆಟ್ಟಿಲೇರಿ ಬಂದಳು. ದೊಡ್ಡತಾಯಮ್ಮ ಅವಳ ಕಡೆ ತಿರುಗಿದಳು. ಒಳಗಿನ ಸಾಹೇಬರಿಗಿಂತ ಮೊದಲು ಇವಳಿಗೆ ಹೇಳಬೇಕು ಅನ್ನಿಸಿತು.

"ಸಹನಾ, ಸರನ ನಾನೇ ಶಶಿಗೆ ಕೊಟ್ಟಿದ್ದು ಕಣವ್ವ. ಯೋಳೋಕ್ ಎದರ್ಕೊಂಡೆ."

ಸಹನ ಪೊಟ್ಟಣವನ್ನು ತಮ್ಮನ ಕೈಗೆ ಕೊಟ್ಟಳು. "ಮೊದ್ಲು ಒಳಕ್ಕೋಗಿ ಯೋಳಿ," ಅಂದಳು. ಅಷ್ಟೇ.

ಸಬ್ ಇನ್ಸ್‌ಪೆಕ್ಟರು ಪೂರ್ತಿ ಕೇಳಿಸಿಕೊಂಡು, ಪೆನ್ನನ್ನು ಮೇಜಿನ ಮೇಲೆ ಎಸೆದರು. "ಏನಜ್ಜಿ, ನಿಮ್ಮನೆ ಪುರಾಣಕ್ಕೆ ನಮ್ಮ ಜೀಪು ಪಾಂಡವಪುರದ ತನಕ ಹೋಗಬೇಕಿತ್ತಾ?" ಬೈದದ್ದು ಅಷ್ಟೇ. ಅವಳು ಹೇಳಿದ್ದನ್ನು ಬರೆಸಿಕೊಂಡರು. ಸಂಘಮಿತ್ರಾ ಓದಿ ಹೇಳಿದ ಮೇಲೆ ದೊಡ್ಡತಾಯಮ್ಮ ಸೈನು ಹಾಕಿದಳು. ಲೋಕೇಶನಿಗೆ ಫೋನು ಹೋಯಿತು. ದಿಲೀಪನಿಗೆ "ಹೋಗಪ್ಪ ನೀನು" ಅಂದರು. ಅವನು ದೊಡ್ಡತಾಯಮ್ಮನ ಪಕ್ಕದಲ್ಲೇ ತಲೆಯೆತ್ತದೆ ಹಾದು ಹೋದ.

ಸಂಘಮಿತ್ರಾ ಗೇಟಿನ ತನಕ ಬಂದಳು. "ಅಜ್ಜಿ, ಇಲ್ಲಿಗೆ ಇದು ಮುಗೀತು. ಆದರೆ ಅವನನ್ನ ಕೆಲಸದ ಜಾಗದಿಂದ ಜೀಪಿಗೆ ಹತ್ತಿಸಿದ್ದನ್ನ ನೋಡಿದ ಜನಕ್ಕೆ ಇಲ್ಲಿ ಮುಗಿದದ್ದು ಗೊತ್ತಾಗಲ್ಲ."

ದೊಡ್ಡತಾಯಮ್ಮನಿಗೆ ಆ ಮಾತು ಆಗ ಪೂರ್ತಿ ತಲೆಗೆ ಹೋಗಲಿಲ್ಲ. ಎದೆಯ ಮೇಲಿನ ಕಲ್ಲು ಸರಿದು ಉಸಿರಾಡುವುದರಲ್ಲೇ ಅವಳಿದ್ದಳು.

ಮನೆಯಲ್ಲಿ ಲೋಕೇಶ ಕಾಯುತ್ತಿದ್ದ.

"ನನ್ ಮರ್ವಾದಿ ತಗ್ದಲ್ಲವ್ವ! ಪೋಲೀಸ್ನೋರು ಫೋನಲ್ಲಿ ಎಂಗ್ ಉಗುದ್ರು ಗೊತ್ತಾ? ಮನೆ ಒಡವೆನ ಕದ್ದು ಸಾಗಿಸಿ..."

"ಮನೇದಲ್ಲ ಕಣ್ಲಾ, ನಂದು," ಅಂದಳು ದೊಡ್ಡತಾಯಮ್ಮ. ಇಷ್ಟು ಗಟ್ಟಿಯಾಗಿ ಆ ಮಾತು ತನ್ನ ಬಾಯಿಂದ ಬಂದದ್ದಕ್ಕೆ ಅವಳಿಗೇ ಬೆರಗಾಯಿತು. "ನಮ್ಮವ್ವ ಕೊಟ್ಟಿದ್ದು. ನಿನ್ ತಂಗಿ ಸೈನಾಕ್ಕೊಟ್ಟು ಓದ್ಲಲ್ಲ, ಆವತ್ತು ನಿಂಗೆ ಒಂದ್ ಸೀರೆ ಕೊಡ್ಸಬೇಕು ಅನ್ನುಸ್ತಾ? ಕೊಟ್ಟಿದ್ಕೆ ನಾನ್ ತಪ್ಪಾಯ್ತು ಅನ್ನಲ್ಲ. ಮುಚ್ಚಿಟ್ಟಿದ್ಕೆ ಅಂತೀನಿ."

ಲೋಕೇಶ ಅಪ್ಪನ ಕಡೆ ನೋಡಿದ. ಚಿಕ್ಕಸ್ವಾಮಿ ಕೆರೆದು ಕೆರೆದು ಗಂಟಲು ಸರಿಮಾಡಿಕೊಂಡ. "ನನ್ನೇನ್ ನೋಡ್ತೀಯೆ? ಸರ ಅವಳ್ದು. ಉಲ್ಲಲ್ಲಿ ಎಲ್ಡು ದಿನ ಉಡುಕ್ಸುದ್ಳಲ್ಲ, ಅದೊಂದ್ಕೆ ನಂಗೆ ಕ್ವಾಪ."

ಚಿನ್ನು ಕಿಸಕ್ಕನೆ ನಕ್ಕಳು. ಬೇರೆ ಯಾರೂ ನಗಲಿಲ್ಲ. ಸಹನ ಒಂದು ಬ್ಯಾಗಿಗೆ ಬಟ್ಟೆ ತುಂಬಿಕೊಂಡು, ಮಗಳ ಕೈ ಹಿಡಿದು ಹೊರಗೆ ಬಂದಳು. ಬೇಸಿಗೆ ರಜ ಶುರುವಾಗಿತ್ತು.

"ನಮ್ಮವ್ವನ ಮನೆಗೆ ಓಗಿರ್ತೀನಿ. ನಮ್ ದಿಲೀಪುಂಗೆ ನ್ಯಾಯ ಮಾಡಿ, ಆಮ್ಯಾಲೆ ಬನ್ನಿ."

ಸೊಸೆಯಿಲ್ಲದ ಮನೆಯಲ್ಲಿ ಎಲ್ಲ ಕೆಲಸವೂ ದೊಡ್ಡತಾಯಮ್ಮನ ಮೈಮೇಲೆ ಬಿತ್ತು. ಕೊಟ್ಟಿಗೆ ಬಾಚುವುದು, ಹಾಲು ಹಾಕುವುದು, ಎರಡು ಹೊತ್ತು ಬೇಯಿಸುವುದು. ಬೆನ್ನು ಮುರಿದು ಹೋದರೂ ಮಲಗಿದರೆ ಕಣ್ಣು ಹತ್ತುತ್ತಿರಲಿಲ್ಲ. ಲೋಕೇಶ ಗಂಟು ಮುದ್ದೆಯನ್ನು ಮಾತಿಲ್ಲದೆ ನುಂಗಿ ಏಳುತ್ತಿದ್ದ. ಎರಡನೆಯ ವಾರ ಪುಟ್ಟಗೌರಮ್ಮ ಫೋನು ಮಾಡಿದಳು. ಕಂಟ್ರಾಕ್ಟರು ದಿಲೀಪನಿಗೆ ಕೆಲಸಕ್ಕೆ ಬರಬೇಡ ಅಂದಿದ್ದಾನಂತೆ. ಜನ ಒಳಗೆ ಬಿಟ್ಟುಕೊಂಡು ಕೆಲಸ ಕೊಡಬೇಕು, ಪೊಲೀಸರು ಹಿಡಿದವನನ್ನು ಯಾರು ಬಿಟ್ಟುಕೊಳ್ಳುತ್ತಾರೆ ಅಂದನಂತೆ.

ಲಾಯರಮ್ಮನ ಮಾತು ಆಗ ದೊಡ್ಡತಾಯಮ್ಮನಿಗೆ ಅರ್ಥವಾಯಿತು. ಮಗ ಊಟಕ್ಕೆ ಕುಳಿತಾಗ ಹೇಳಿದಳು: "ಏಳ್ಲಾ. ಪಾಂಡವಪುರಕ್ಕೆ ಓಗನ."

"ನಾನ್ ಬಂದು ಏನ್ ಮಾಡ್ಲಿ? ನೀನೇ ತಪ್ಪು ಮಾಡ್ದೋಳು, ನೀನೇ ಯೋಳು."

"ನಾನ್ ಬಾಯಿ ಮುಚ್ಚಿದ್ದೆ, ನೀನ್ ಬಾಯಿ ಬುಟ್ಟೆ. ಇಬ್ರೂ ಸೇರ್ಕೊಂಡೇ ಅವನ್ ಕೆಲಸ ಕಳ್ದಿರದು. ಉಂಡು ಏಳು."

ಅವನು ಉಂಡ. ಕೈ ತೊಳೆದು ಬೈಕಿನ ಬೀಗದ ಕೈ ತೆಗೆದುಕೊಂಡ.

ದಿಲೀಪನನ್ನು ಜೀಪಿಗೆ ಹತ್ತಿಸಿದ್ದ, ಕೆಲಸ ನಡೆಯುತ್ತಿದ್ದ ಆ ಮನೆ ಪೇಟೆಬೀದಿಯ ಹಿಂದಿತ್ತು. ಬರಲೊಲ್ಲೆ ಅನ್ನುತ್ತಿದ್ದ ದಿಲೀಪನನ್ನು, ಅತ್ತೆಯ ಫೋನು ಬಂದ ಮೇಲೆ ಸಹನ ಹೇಗೋ ಎಬ್ಬಿಸಿಕೊಂಡು ಬಂದಿದ್ದಳು. ಕಂಟ್ರಾಕ್ಟರು ಮರಳಿನ ರಾಶಿಯ ಪಕ್ಕ ನಿಂತಿದ್ದ. ಎದುರು ಅಂಗಡಿಯವನು, ಗಾರೆಯವರು, ಸೊಪ್ಪು ಮಾರುವ ಮಾದಮ್ಮ, ಎಲ್ಲರೂ ತಿರುಗಿ ನೋಡಿದರು. ಜನ ಇರುವುದೇ ಒಳ್ಳೆಯದು ಎಂದುಕೊಂಡಳು ದೊಡ್ಡತಾಯಮ್ಮ. ದನಿ ಎತ್ತರಿಸಿದಳು.

"ನೋಡ್ರಪ್ಪ, ನಾನು ಈ ಉಡುಗನ ಅಕ್ಕನ ಅತ್ತೆ. ಸರ ಕಳ್ದೋಗಿರ್ಲಿಲ್ಲ. ನಾನೇ ನನ್ ಮಗಳ್ಗೆ ಕೊಟ್ಟು ಬಾಯಿ ಮುಚ್ಕೊಂಡಿದ್ದೆ. ಇವ್ನು ನಮ್ಮನೇಲಿ ಕೂಲಿನೂ ಇಸ್ಕೊಳ್ದೆ ದುಡ್ದು ಬಂದೋನು. ಇವ್ನ ಕಡೆ ಬೆರಳು ತೋರ್ಸೋರು ನನ್ ಕಡೆ ತೋರ್ಸಿ."

ಲೋಕೇಶ ಬೈಕಿಗೆ ಒರಗಿ ನಿಂತಿದ್ದವನು ಮುಂದೆ ಬಂದ. ಕಿವಿ ಕೆಂಪಾಗಿತ್ತು. "ಕಂಪ್ಲೇಂಟ್ ಬರ್ದು ಕೊಟ್ಟೋನು ನಾನೇ," ಅಂದ ಕಂಟ್ರಾಕ್ಟರಿಗೆ. ಆಮೇಲೆ ದಿಲೀಪನ ಹೆಗಲಿಗೆ ಕೈ ಇಡಲು ಹೋಗಿ, ಇಡದೆ ನಿಂತ. "ತಪ್ಪಾಯ್ತು ಕಣ್ಲಾ."

"ಠಾಣೆ ಬೆಂಚಲ್ಲಿ ಕುಂತಿದ್ದಾಗ ಕಳ್ಳ ಅನ್ನುಸ್ಕೊಂಡಿದ್ಕಿಂತ, ನೀವ್ ಅಂದ್ರಲ್ಲ ಅಂತ ಬ್ಯಾಸ್ರ ಆಯ್ತು ಭಾವ," ಅಂದ ದಿಲೀಪ. ಅವನ ಕಣ್ಣು ತುಂಬಿತ್ತು. ಲೋಕೇಶ ಈಗ ಕೈ ಇಟ್ಟ.

ಕಂಟ್ರಾಕ್ಟರು ಮರಳಿನ ಮೇಲೆ ಕಾಲಿನಿಂದ ಗೆರೆ ಎಳೆದ. "ನಂಗೇನಪ್ಪ, ಮನೆಯೋರೇ ಇಂಗಂದ್ ಮ್ಯಾಲೆ... ನಾಳೆ ಒತ್ತಾರೆ ಬಾ. ಮೇಲ್ಮನೆ ಪೈಪು ಆಕ್ಬೇಕು." ಮಾದಮ್ಮ ತನ್ನ ಬುಟ್ಟಿ ಸರಿಪಡಿಸಿಕೊಳ್ಳುತ್ತಾ ಎಲ್ಲರಿಗೂ ಕೇಳುವಂತೆ ಹೇಳಿದಳು: "ನಾನ್ ಆವತ್ತೇ ಅಂದೆ, ಈ ಮುಖ ಕಳ್ಳನ್ ಮುಖ ಅಲ್ಲ ಅಂತ."

ಮಧ್ಯಾಹ್ನ ಪುಟ್ಟಗೌರಮ್ಮ ಬೀಗರಿಗೆ ಹುರುಳಿಸಾರು ಬಡಿಸಿದಳು. ಮೊದಲು ಬಿಗುಮಾನವಿತ್ತು, ಎರಡನೆಯ ಮುದ್ದೆಯ ಹೊತ್ತಿಗೆ ಅದು ಸಡಿಲವಾಯಿತು. ಗಂಡನ ತಟ್ಟೆಗೆ ಸಾರು ಸುರಿಯುತ್ತಾ ಸಹನ ನೇರವಾಗಿ ಕೇಳಿದಳು: "ಸಾಕಾ, ಇನ್ನೂ ಬೇಕಾ?" ಲೋಕೇಶ ತಟ್ಟೆ ಮುಂದಕ್ಕೆ ಸರಿಸಿ, ಬೇಕು ಎಂದು ತಲೆಯಾಡಿಸಿದ.

ಊರಿಗೆ ಹೊರಟಾಗ ಚಿನ್ನು ಅಪ್ಪನ ಬೈಕೇರಿ ಮುಂದೆ ಹೋದಳು. ಅತ್ತೆ ಸೊಸೆ ಬಸ್ಸು ಹತ್ತಿದರು. ಕಿಟಕಿಯ ಪಕ್ಕ ಕುಳಿತ ದೊಡ್ಡತಾಯಮ್ಮನಿಗೆ ಏನೋ ಹೇಳಬೇಕೆನಿಸಿತು. ಊರ ಹೊರಗಿನ ಕಬ್ಬಿನ ಗದ್ದೆ ಬರುವ ತನಕ ಮಾತು ಹುಡುಕಿದಳು. ಗಾಳಿ ತಣ್ಣಗಿತ್ತು. ಹೊಟ್ಟೆ ತುಂಬಿತ್ತು. ಕಣ್ಣು ಎಳೆಯತೊಡಗಿತು.

ಕಣ್ಣು ಬಿಟ್ಟಾಗ ಬಸ್ಸು ನಿಂತಿತ್ತು. ಜನ ಇಳಿಯುತ್ತಿದ್ದರು. ಅವಳ ತಲೆ ಸಹನಳ ಹೆಗಲ ಮೇಲಿತ್ತು. ಹೊರಗೆ ನೋಡಿದಳು: ಕಿರಂಗೂರಲ್ಲ, ಶ್ರೀರಂಗಪಟ್ಟಣದ ಬಸ್ ಸ್ಟ್ಯಾಂಡು.

"ಅಯ್ಯೋ, ಊರು ದಾಟಿ ಬಂದ್ಬುಟ್ಟದಲ್ಲ! ನೀನೂ ನಿದ್ದೆ ಒಡುದ್ಯಾ?"

"ಇಲ್ಲ."

"ಮತ್ತೆ ಎಬ್ಬಿಸ್ಬಾರ್ದಾ?"

"ಗೊರ್ಕೆ ಒಡೀತಿದ್ರಿ," ಅಂದಳು ಸಹನ, ಹೆಗಲು ಸಡಿಲಿಸಿಕೊಳ್ಳುತ್ತಾ. "ಎಷ್ಟ್ ದಿನ ಆಗಿತ್ತೋ ಮಲ್ಗಿ, ಅಂತ ಬುಟ್ಟೆ."

ಅವಳ ಫೋನು ಬಡಿದುಕೊಂಡಿತು. ಕಿರಂಗೂರಿನ ಸ್ಟಾಪಿನಲ್ಲಿ ಕಾಯುತ್ತಿದ್ದ ಲೋಕೇಶನ ದನಿ ದೊಡ್ಡತಾಯಮ್ಮನಿಗೂ ಕೇಳಿಸಿತು: "ಎಲ್ಲಿದ್ದೀರಾ? ಬಸ್ಸು ನಿಲ್ಲದೇ ಓಯ್ತಲ್ಲ!"

"ಇಲ್ಲೇ ಇದ್ದೀವಿ," ಅಂದಳು ಸಹನ. "ಟೀ ಕುಡ್ಕೊಂಡು ಬತ್ತೀವಿ. ನೀವ್ ಓಗಿ ಹಾಲು ಕರೀರಿ."